ಬಾಣಂತಿಯ ನಡಿಗೆ ಏನು ಹೇಳುತ್ತದೆ?

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನ ಹಿಂದೆ ತಲೆಮಾರುಗಳ ಅನುಭವವಿದೆ. ಆದರೆ ಮರುಹುಟ್ಟು ಪಡೆದ ಆ ತಾಯಿ ಕೆಲವೊಮ್ಮೆ ತಾನು ಹೆತ್ತ ಕೂಸಿನಂತೆಯೇ ಹೆಜ್ಜೆಯಿಡುವುದನ್ನು ಹೊಸದಾಗಿ ಕಲಿಯಬೇಕಾಗಿ ಬರುತ್ತದೆ ಎಂಬ ಸಂಗತಿಯತ್ತ ನಮ್ಮ ಮನೆಗಳ ಗಮನ ಹರಿದುದು ಕಡಿಮೆ.

ಇಂಥದೊಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಚೊಚ್ಚಲ ಹೆರಿಗೆಯಾಗಿ ಐದು ತಿಂಗಳು ಕಳೆದಿವೆ. ತವರಿನಿಂದ ಮರಳಿದ ಸೊಸೆ ಕೂಸನ್ನೆತ್ತಿಕೊಂಡು ಅಡುಗೆಮನೆಯಿಂದ ಪಡಸಾಲೆಗೆ ಬರುತ್ತಾಳೆ. ಹೆಜ್ಜೆ ಚಿಕ್ಕದು, ನಡಿಗೆ ನಿಧಾನ, ಮೈ ಒಂದು ಮಗ್ಗುಲಿಗೆ ವಾಲುತ್ತದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಾಳೆ. ನೋಡಿದವರಿಗೆ ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ. "ನಮ್ಮ ಕಾಲದಾಗ ನಾವೇನು ಹಡೀಲಿಲ್ಲೇನವ್ವಾ? ಒಂದೂವರೆ ತಿಂಗಳಿಗೆ ಹೊಲಕ್ಕ ಹೋಗಿದ್ವಿ" ಎಂದು ಅತ್ತೆ ಅನ್ನುತ್ತಾರೆ. ಆ ಮಾತಿನಲ್ಲಿ ದ್ವೇಷವಿಲ್ಲ, ತಿಳಿವಳಿಕೆಯ ಕೊರತೆಯಷ್ಟೇ ಇದೆ. "ಎಲುಬು ಸರಿದದ, ಅಲ್ಲಾಡದೆ ಮಲಗಲಿ" ಎಂದು ತವರಿನ ಅಜ್ಜಿ ಹೇಳಿ ಕಳುಹಿಸುತ್ತಾರೆ. ಅವರ ಮಾತಿನಲ್ಲಿ ಅಕ್ಕರೆಯಿದೆ, ತಿಳಿವಳಿಕೆಯ ಕೊರತೆ ಅಲ್ಲಿಯೂ ಇದೆ. ಸೋಮಾರಿ ಎಂಬ ಆರೋಪ, ಎಲುಬು ಸರಿದಿದೆಯೆಂಬ ಭೀತಿ ಇವೆರಡರ ನಡುವೆ ಸಿಲುಕಿದ ಆ ಹೆಣ್ಣುಮಗಳು ಮೌನವಾಗಿ ನೋವುಣ್ಣುತ್ತಾಳೆ.

ಈ ಎರಡು ಮಾತುಗಳೂ ನಿಜವಲ್ಲ. ಆಕೆಯ ನೋವಿಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ವಿವರಣೆಯಿದೆ, ಬಹುಮಟ್ಟಿಗೆ ಪರಿಹಾರವೂ ಇದೆ. ಅದನ್ನು ಅರಿಯಲು ಮೊದಲು ಆಕೆಯ ನಡಿಗೆಯನ್ನು ಗಮನಿಸಬೇಕು.

ನೋವಿನ ನೆಲೆ

ಬೆನ್ನುಮೂಳೆಯ ತಳದಲ್ಲಿ ಬಟ್ಟಲಿನಾಕಾರದ ಎಲುಬಿನ ಬಳೆಯೊಂದಿದೆ. ಶಾಸ್ತ್ರವು ಇದನ್ನು ಶ್ರೋಣಿ ಎಂದು ಕರೆಯುತ್ತದೆ. ಹಿಂದುಗಡೆ ಬೆಣೆಯಾಕಾರದ ತ್ರಿಕಾಸ್ಥಿ, ಅದರ ಎರಡೂ ಪಕ್ಕಗಳಲ್ಲಿ ಅಗಲವಾದ ಸೊಂಟದ ಎಲುಬುಗಳು ಸೇರಿ ಈ ಬಳೆಯಾಗಿದೆ. ಹಿಂದೆ ಎಡಬಲಗಳಲ್ಲಿ ಎರಡು ಸಂದುಗಳು, ಮುಂದೆ ಕಿಬ್ಬೊಟ್ಟೆಯ ಕೆಳಗೆ ಮೃದ್ವಸ್ಥಿಯಿಂದ ಬೆಸೆದ ಒಂದು ಸಂದು, ಹೀಗೆ ಒಟ್ಟು ಮೂರು ಸಂದುಗಳಿವೆ. ಇವುಗಳ ಸುತ್ತ ಹುಟ್ಟುವ ನೋವನ್ನು 'ಶ್ರೋಣಿವಲಯದ ನೋವು' ಎನ್ನಬಹುದು. ಈ ನೋವು ಸೊಂಟದ ಹಿಂಭಾಗದ ಎಲುಬಿನ ಅಂಚಿನಿಂದ ನಿತಂಬದ ಮಡಿಕೆಯವರೆಗಿನ ಪ್ರದೇಶದಲ್ಲಿ ಇರುತ್ತದೆ. ತೊಡೆಯ ಹಿಂಭಾಗಕ್ಕೂ ಇಳಿಯಬಹುದು, ಮುಂದಿನ ಸಂದಿನಲ್ಲಿಯೂ ಕಾಣಿಸಿಕೊಳ್ಳಬಹುದು. ನಾವು ಸಾಮಾನ್ಯವಾಗಿ ಬೆನ್ನುನೋವು ಎನ್ನುವುದು ಇದಕ್ಕಿಂತ ಮೇಲ್ಭಾಗದ್ದು. ಇವೆರಡರ ಚಿಕಿತ್ಸೆ ಒಂದೇ ಅಲ್ಲವಾದುದರಿಂದ ಈ ವ್ಯತ್ಯಾಸ ಮುಖ್ಯವಾದುದು.

ಇದು ಅಪರೂಪದ ಬೇನೆಯಲ್ಲ. ಯುರೋಪಿನ ತಜ್ಞರು ೨೦೦೮ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ ಗರ್ಭಿಣಿಯರಲ್ಲಿ ಸುಮಾರು ಐವರಿಗೊಬ್ಬರಂತೆ ಇದು ಕಾಡುತ್ತದೆ. ಹೆಚ್ಚಿನವರಲ್ಲಿ ಹೆರಿಗೆಯಾದ ಮೂರು ತಿಂಗಳೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತದೆ. ಬಸುರಿನಲ್ಲಿ ಈ ನೋವಿದ್ದ ಡೆನ್ಮಾರ್ಕಿನ ಮಹಿಳೆಯರನ್ನು ಹಾನೆ ಆಲ್ಬರ್ಟ್ ಮತ್ತು ಸಂಗಡಿಗರು ಹೆರಿಗೆಯ ನಂತರವೂ ಗಮನಿಸುತ್ತ ಹೋದರು. ಎರಡು ವರ್ಷಗಳ ಮೇಲೂ ಶೇಕಡಾ ೮.೬ರಷ್ಟು ಮಂದಿಗೆ ನೋವು ಉಳಿದಿತ್ತೆಂದು ೨೦೦೧ರಲ್ಲಿ ವರದಿ ಮಾಡಿದರು. ಈ ಲೇಖನವು ಹೀಗೆ ನೋವು ಉಳಿದುಕೊಂಡ ತಾಯಂದಿರನ್ನು ಕುರಿತದ್ದು.

ಎಲುಬು ಸರಿದಿದೆಯೆ?

ಗರ್ಭಿಣಿಯ ಸಂದುಗಳು ತುಸು ಸಡಿಲಗೊಳ್ಳುವುದು ನಿಜ. ಸಡಿಲಿಸುವ ಈ ದ್ರವ್ಯವನ್ನು ಫ್ರೆಡರಿಕ್ ಹಿಸಾ ಎಂಬ ಅಮೆರಿಕದ ವಿಜ್ಞಾನಿ ೧೯೨೬ರಲ್ಲಿ ಗಿನಿಯಿಲಿಗಳಲ್ಲಿ ಗುರುತಿಸಿದರು. ಮುಂದೆ ಅದಕ್ಕೆ ರಿಲ್ಯಾಕ್ಸಿನ್ ಎಂಬ ಹೆಸರು ಬಂದಿತು. ಮುಂದಿನ ಸಂದಿನಲ್ಲಿ ಸಾಮಾನ್ಯವಾಗಿ ೪–೫ ಮಿಲಿಮೀಟರಿನಷ್ಟಿರುವ ಅಂತರವು ಬಸುರಿನಲ್ಲಿ ಇನ್ನೂ ೨–೩ ಮಿಲಿಮೀಟರು ಹಿಗ್ಗುತ್ತದೆ. ಕೂಸಿಗೆ ದಾರಿ ಬಿಡಲು ನಿಸರ್ಗವೇ ಮಾಡಿಟ್ಟ ಏರ್ಪಾಡು ಇದು. ಅಂತರವು ೧೦ ಮಿಲಿಮೀಟರನ್ನು ಮೀರಿದರೆ ಅದು ಬೇರೆಯೇ ತೊಂದರೆಯಾಗುತ್ತದೆ ಮತ್ತು ಅದು ವಿರಳ.

ಹಾಗಾದರೆ ಸಡಿಲವೇ ನೋವಿಗೆ ಕಾರಣವೆ? ವಿಷಯ ಅಷ್ಟು ಸರಳವಾಗಿಲ್ಲ. ರಿಲ್ಯಾಕ್ಸಿನ್ನಿನ ಪ್ರಮಾಣ ಬಸುರಿನ ಮೊದಲ ತಿಂಗಳುಗಳಲ್ಲಿ ಅತ್ಯಧಿಕವಾಗಿರುತ್ತದೆ. ನೋವಾದರೋ ಬಹುತೇಕ ಅನಂತರದ ತಿಂಗಳುಗಳಲ್ಲಿ ಏರುತ್ತದೆ. ಸ್ವೀಡನ್ನಿನ ಬೆಂಗ್ಟ್ ಸ್ಟೂರೆಸನ್ ಮತ್ತು ಸಂಗಡಿಗರು ೧೯೮೯ರಲ್ಲಿ ಒಂದು ಸೂಕ್ಷ್ಮವಾದ ಪ್ರಯೋಗ ಮಾಡಿದರು. ೨೫ ರೋಗಿಗಳ ಶ್ರೋಣಿಯ ಎಲುಬುಗಳಲ್ಲಿ ಟ್ಯಾಂಟಲಮ್ ಲೋಹದ ಅತಿ ಸಣ್ಣ ಗುಂಡುಗಳನ್ನಿರಿಸಿ ಎಕ್ಸ್-ರೇ ಮೂಲಕ ಹಿಂಬದಿಯ ಸಂದುಗಳ ಚಲನೆಯನ್ನು ಅಳೆದರು. ಆ ಸಂದುಗಳು ಸರಾಸರಿ ಎರಡೂವರೆ ಡಿಗ್ರಿಯಷ್ಟು ಮಾತ್ರ ತಿರುಗುತ್ತಿದ್ದವು. ನೋವಿನ ಸಂದಿಗೂ ನೋವಿಲ್ಲದ ಸಂದಿಗೂ ಭೇದ ಕಾಣಲಿಲ್ಲ. ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನಲ್ಲಿ ೨೦೦೧ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಂದುಗಳು ಎಷ್ಟು ಸಡಿಲವಾಗಿವೆ ಎಂಬುದಕ್ಕಿಂತ ಎಡಬಲಗಳ ಸಡಿಲ ಒಂದೇ ಸಮನಾಗಿದೆಯೇ ಇಲ್ಲವೇ ಎಂಬುದಕ್ಕೂ ನೋವಿಗೂ ಹೆಚ್ಚಿನ ನಂಟು ಕಂಡುಬಂದಿತು. ಆದುದರಿಂದ 'ಎಲುಬು ಸರಿದಿದೆ' ಎಂದು ಹೇಳಿ ಬಾಣಂತಿಯನ್ನು ಹೆದರಿಸುವುದಕ್ಕೆ ಆಧಾರವಿಲ್ಲ. ಸರಿದ ಎಲುಬನ್ನು ಕೂಡಿಸುತ್ತೇವೆಂದು ಸೊಂಟವನ್ನು ಬಲವಾಗಿ ತಿರುಚುವವರ ಬಳಿಗೆ ಆಕೆಯನ್ನು ಕರೆದೊಯ್ಯುವುದಂತೂ ಸಲ್ಲದು.

ಗಾಲಿಯ ದೃಷ್ಟಾಂತ

ಸಂದು ತುಸು ಸಡಿಲವಾದರೂ ಹೆಚ್ಚಿನ ಹೆಂಗಸರು ನೋವಿಲ್ಲದೆ ನಡೆಯುತ್ತಾರಲ್ಲ, ಅದು ಹೇಗೆ? ರೋಟರ್‌ಡ್ಯಾಮಿನ ಆಂಡ್ರಿ ವ್ಲೀಮಿಂಗ್, ಕ್ರಿಸ್ ಸ್ನೈಡರ್ಸ್ ಮೊದಲಾದವರು ೧೯೯೦ರ ದಶಕದಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಎತ್ತಿನ ಬಂಡಿಯ ಗಾಲಿಯನ್ನು ನೆನೆದರೆ ಆ ವಿವರಣೆ ಸುಲಭವಾಗಿ ತಿಳಿಯುತ್ತದೆ. ಗಾಲಿಯ ಮರದ ತುಂಡುಗಳನ್ನು ಬಡಿಗನು ಒಂದಕ್ಕೊಂದು ಹೊಂದುವಂತೆ ಕೆತ್ತಿರುತ್ತಾನೆ. ಆದರೆ ಅಷ್ಟರಿಂದಲೇ ಗಾಲಿ ಭಾರ ಹೊರಲಾರದು. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಸುತ್ತ ತೊಡಿಸಿ ಆರಿಸಿದಾಗ ಅದು ಬಿಗಿದುಕೊಂಡು ತುಂಡುಗಳನ್ನು ಒಂದಾಗಿ ಹಿಡಿಯುತ್ತದೆ. ಶ್ರೋಣಿಯಲ್ಲಿಯೂ ಎಲುಬುಗಳ ಆಕಾರ ಕೊಡುವ ಹೊಂದಿಕೆ ಒಂದು, ಸ್ನಾಯುಗಳೂ ಅಸ್ಥಿರಜ್ಜುಗಳೂ ಸುತ್ತಲಿಂದ ಒತ್ತಿ ಕೊಡುವ ಬಿಗಿ ಇನ್ನೊಂದು.

ಶರೀರದ ಈ ಪಟ್ಟಿಗೆ ಒಂದು ವಿಶೇಷವಿದೆ. ಅದು ಸದಾ ಬಿಗಿದಿರುವುದಿಲ್ಲ, ಬೇಕಾದ ಕ್ಷಣದಲ್ಲಿ ಬಿಗಿದು ಬೇಡವಾದಾಗ ಸಡಿಲುತ್ತದೆ. ಹೊಟ್ಟೆಯ ಒಳಪದರದಲ್ಲಿ ಅಡ್ಡಲಾಗಿ ಸುತ್ತಿದ ಸ್ನಾಯು, ಬೆನ್ನುಮೂಳೆಯ ಮಗ್ಗುಲಿನ ಚಿಕ್ಕ ಸ್ನಾಯುಗಳು, ಶ್ರೋಣಿಯ ತಳವನ್ನು ಜೋಲಿಯಂತೆ ಹೊತ್ತ ಸ್ನಾಯುಗಳು, ಮೇಲುಗಡೆ ಉಸಿರಾಟದ ವಪೆ, ನಿತಂಬದ ದೊಡ್ಡ ಸ್ನಾಯುಗಳು ಇವೆಲ್ಲ ಈ ಕೆಲಸದಲ್ಲಿ ಪಾಲುದಾರರು. ಒಂಬತ್ತು ತಿಂಗಳು ಹೊಟ್ಟೆಯ ಸ್ನಾಯುಗಳು ಹಿಗ್ಗಿರುತ್ತವೆ, ಹೆರಿಗೆಯಲ್ಲಿ ತಳದ ಸ್ನಾಯುಗಳು ಎಳೆಯಲ್ಪಟ್ಟಿರುತ್ತವೆ. ಆದುದರಿಂದ ಇವುಗಳ ಹೊಂದಾಣಿಕೆ ತಪ್ಪಿದರೆ ಅದರಲ್ಲಿ ಸೋಜಿಗವೇನಿಲ್ಲ.

ಒಂದು ಹೆಜ್ಜೆಯ ಒಳಗುಟ್ಟು

ನಡೆಯುವುದು ನಮಗೆ ಅತಿ ಸುಲಭದ ಕೆಲಸವೆನಿಸುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲಿಯೂ ಒಂದು ಕಾಲು ನೆಲ ಬಿಟ್ಟಾಗ ಇಡೀ ಮೈಯ ಭಾರ ಇನ್ನೊಂದು ಕಾಲಿನ ಮೇಲೆ ನಿಲ್ಲುತ್ತದೆ. ಆಗ ಎತ್ತಿದ ಕಾಲಿನ ಕಡೆಗೆ ಶ್ರೋಣಿ ಜೋತುಬೀಳದಂತೆ ಊರಿದ ಕಾಲಿನ ಕಡೆಯ ನಿತಂಬದ ಪಕ್ಕದ ಸ್ನಾಯು ಬಿಗಿದು ಹಿಡಿಯಬೇಕು. ಆ ಗಳಿಗೆಯಲ್ಲಿ ತೊಡೆಯ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. ಈ ಸ್ನಾಯು ಸೋತರೆ ಮನುಷ್ಯನು ಭಾರವನ್ನು ಸರಿದೂಗಿಸಲು ಊರಿದ ಕಾಲಿನ ಕಡೆಗೇ ಮೈ ವಾಲಿಸುತ್ತಾನೆ. ಸೊಸೆಯ ನಡಿಗೆಯಲ್ಲಿ ನಾವು ಕಂಡ ವಾಲಾಟಕ್ಕೆ ಇದು ಒಂದು ಕಾರಣ.

ಇನ್ನೊಂದು ಸೊಗಸಾದ ವ್ಯವಸ್ಥೆಯೂ ಇದೆ. ಎಡಗಾಲು ಮುಂದೆ ಹೋದಾಗ ಬಲಗೈ ಮುಂದೆ ಬೀಸುತ್ತದೆ. ಶ್ರೋಣಿ ಒಂದು ಕಡೆಗೆ ತಿರುಗಿದರೆ ಎದೆಗೂಡು ಇನ್ನೊಂದು ಕಡೆಗೆ ತಿರುಗುತ್ತದೆ. ಒಂದು ಬದಿಯ ನಿತಂಬದ ದೊಡ್ಡ ಸ್ನಾಯುವೂ ಎದುರು ಬದಿಯ ಬೆನ್ನಿನ ಅಗಲ ಸ್ನಾಯುವೂ ಸೊಂಟದ ಹಿಂದಿನ ದಪ್ಪ ಪೊರೆಯ ಮೂಲಕ ಒಂದಕ್ಕೊಂದು ಜೋಡಿಸಿಕೊಂಡಿವೆ ಎಂದು ವ್ಲೀಮಿಂಗ್ ಮತ್ತು ಸಂಗಡಿಗರು ೧೯೯೫ರಲ್ಲಿ ತೋರಿಸಿದರು. ಕೈ ಬೀಸಿ ನಡೆಯುವಾಗ ಈ ಓರೆಪಟ್ಟಿಯು ಹಿಂದಿನ ಸಂದಿನ ಮೇಲೆ ಹಾಯ್ದು ಅದನ್ನು ಒತ್ತಿ ಹಿಡಿಯುತ್ತದೆ.

ಸಾಧಾರಣ ವೇಗದ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು ನೂರು ಹೆಜ್ಜೆಗಳು ಬೀಳುತ್ತವೆ. ಹತ್ತು ನಿಮಿಷ ನಡೆದರೆ ಸಾವಿರ ಸಲ ಈ ಬಿಗಿಯುವ, ಸಡಿಲುವ ಕ್ರಿಯೆ ಜರುಗಬೇಕು. ಅದರ ತಾಳ ತುಸುವೇ ತಪ್ಪಿದರೂ ದಿನದ ಕೊನೆಗೆ ನೋವು ಬೆಟ್ಟವಾಗುತ್ತದೆ. ಬೆಳಿಗ್ಗೆ ಚೆನ್ನಾಗಿಯೇ ಓಡಾಡಿದವಳು ಸಂಜೆಗೆ ನಿಲ್ಲಲಾರೆನೆಂದರೆ ಅದು ನಟನೆಯಲ್ಲ ಎಂಬುದನ್ನು ಮನೆಯವರು ಅರಿಯಬೇಕು.

ಸ್ನಾಯುಗಳು ಸೋಮಾರಿಗಳಲ್ಲ

ಸ್ನಾಯು ಕೆಲಸ ಮಾಡುವಾಗ ಅದರಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಚರ್ಮದ ಮೇಲೆ ಬಿಲ್ಲೆಗಳನ್ನಂಟಿಸಿ ಅದನ್ನು ದಾಖಲಿಸಬಹುದು. ಎಲೆಕ್ಟ್ರೊಮಯೋಗ್ರಫಿ ಎಂಬ ಈ ವಿಧಾನದಿಂದಲೂ ನಡಿಗೆಯ ಅಳತೆಯಿಂದಲೂ ದೊರೆತ ಸಂಗತಿಗಳು ನಮ್ಮ ಹಳೆಯ ಕಲ್ಪನೆಗಳನ್ನು ತಿದ್ದುತ್ತವೆ.

ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇಂಥ ನೋವುಳ್ಳ ಮಹಿಳೆಯರನ್ನು ಚಲಿಸುವ ಪಟ್ಟಿಯ ಮೇಲೆ ನಡೆಸಿ ೨೦೦೨ರಲ್ಲಿ ವರದಿ ನೀಡಿದರು. ಅವರು ಆರಿಸಿಕೊಂಡ ಸಹಜವೇಗವು ಆರೋಗ್ಯವಂತರಿಗಿಂತ ಕಡಿಮೆಯಾಗಿತ್ತು. ಎದೆಗೂಡು, ಶ್ರೋಣಿಗಳು ಎದುರುಬದುರಾಗಿ ತಿರುಗುವ ಹೊಂದಾಣಿಕೆಯೂ ಬದಲಾಗಿತ್ತು. ಸ್ವೀಡನ್ನಿನಲ್ಲಿ ಅನ್ನೆಲಿ ಗುಟ್ಕೆ ಮತ್ತು ಸಂಗಡಿಗರು ಸುಮಾರು ಮುನ್ನೂರು ಮಹಿಳೆಯರನ್ನು ಬಸುರಿನಲ್ಲಿಯೂ ಹೆರಿಗೆಯಾದ ಮೂರು ತಿಂಗಳ ಮೇಲೂ ಪರೀಕ್ಷಿಸಿದರು. ನೋವುಳ್ಳವರಲ್ಲಿ ಮುಂಡದ ಸ್ನಾಯುಗಳ ತಾಳಿಕೆ, ತೊಡೆಯನ್ನು ಹಿಂದಕ್ಕೆ ಚಾಚುವ ಬಲ, ನಡಿಗೆಯ ವೇಗ ಇವು ಕಡಿಮೆಯಿದ್ದುದನ್ನು ೨೦೦೮ರಲ್ಲಿ ತಿಳಿಸಿದರು.

ಆದರೆ ಎಲ್ಲ ಸ್ನಾಯುಗಳೂ ದುರ್ಬಲವೆಂದು ಇದರ ಅರ್ಥವಲ್ಲ. ಆಸ್ಟ್ರೇಲಿಯದಲ್ಲಿ ಬೀಲ್ಸ್ ಮತ್ತು ಸಂಗಡಿಗರು ಬಹುಕಾಲದ ನೋವುಳ್ಳ ೧೨ ಮಹಿಳೆಯರನ್ನು ಮಲಗಿಸಿ ಕಾಲೆತ್ತಲು ಹೇಳಿದಾಗ ಬೇರೆಯೇ ಚಿತ್ರ ಕಂಡಿತು. ನೋವಿನ ಬದಿಯ ಕಾಲನ್ನೆತ್ತುವಾಗ ಅವರು ಹೊಟ್ಟೆ, ಎದೆಗಳ ಸ್ನಾಯುಗಳನ್ನು ಅಗತ್ಯಕ್ಕಿಂತ ಹೆಚ್ಚಾಗಿ ಬಿಗಿಯುತ್ತಿದ್ದರು. ಹೊಟ್ಟೆಯೊಳಗಿನ ಒತ್ತಡ ಏರಿ ಶ್ರೋಣಿಯ ತಳ ಕೆಳಗೆ ತಳ್ಳಲ್ಪಡುತ್ತಿತ್ತು. ೨೦೦೯ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೂ ಅದರ ಪಾಠ ದೊಡ್ಡದು. ನೋವಿನಿಂದ ನರಳುವ ತಾಯಿಯ ಸ್ನಾಯುಗಳು ಎಷ್ಟೋ ವೇಳೆ ಸೋಮಾರಿಗಳಾಗಿರುವುದಿಲ್ಲ. ಅವು ಬಿಡುವಿಲ್ಲದೆ ದುಡಿಯುತ್ತಿರುತ್ತವೆ, ಕೆಲವೊಮ್ಮೆ ತಪ್ಪು ಹೊತ್ತಿನಲ್ಲಿ, ಕೆಲವೊಮ್ಮೆ ಬೇಡದಷ್ಟು. ಅದಕ್ಕಾಗಿಯೇ ಅಷ್ಟು ಆಯಾಸ. ನೋವಿನ ಭಯವೂ ಸೇರಿದರೆ ಬಿಗಿ ಇನ್ನಷ್ಟು ಹೆಚ್ಚುತ್ತದೆ.

ಸರಳವಾದ ಪರೀಕ್ಷೆ

ರೋಟರ್‌ಡ್ಯಾಮಿನ ಯಾನ್ ಮೆನ್ಸ್ ಎಂಬ ವೈದ್ಯರು ರೂಢಿಗೆ ತಂದ ಪರೀಕ್ಷೆಯೊಂದಕ್ಕೆ ಯಾವ ಯಂತ್ರವೂ ಬೇಡ. ಅಂಗಾತ ಮಲಗಿ, ಮಂಡಿ ಮಡಿಸದೆ ಒಂದೊಂದೇ ಕಾಲನ್ನು ೨೦ ಸೆಂಟಿಮೀಟರಿನಷ್ಟು ಎತ್ತಬೇಕು. ಎಷ್ಟು ಕಷ್ಟವಾಯಿತೆಂಬುದಕ್ಕೆ ಆಕೆಯೇ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾಳೆ. ಕಾಲು ಸೀಸದಂತೆ ಭಾರವೆನಿಸಿ, ಶ್ರೋಣಿಯನ್ನು ಎರಡೂ ಬದಿಯಿಂದ ಒತ್ತಿ ಹಿಡಿದಾಗ ಅದೇ ಕಾಲು ಹಗುರವಾಗಿ ಏಳುವುದಾದರೆ ದೋಷ ಕಾಲಿನದಲ್ಲ, ಶ್ರೋಣಿಯ ಬಿಗಿಯದು ಎಂದು ತಜ್ಞರು ಊಹಿಸುತ್ತಾರೆ. ಈ ಪರೀಕ್ಷೆಯಲ್ಲಿ ತಾಯಿಯ ಮಾತೇ ಅಳತೆಗೋಲು. ಆಕೆ ಹೇಳಿದ್ದನ್ನು ನಂಬುವುದರಿಂದಲೇ ಇಲ್ಲಿ ವೈದ್ಯಕೀಯ ಆರಂಭವಾಗುತ್ತದೆ.

ಹೊಟ್ಟೆಪಟ್ಟಿ ಮತ್ತು ಶ್ರೋಣಿಪಟ್ಟಿ

ಬಾಣಂತಿಗೆ ಹಳೆಯ ಸೀರೆಯನ್ನು ಮಡಿಸಿ ಹೊಟ್ಟೆ ಕಟ್ಟುವ ರೂಢಿ ನಮ್ಮಲ್ಲಿದೆ. ಕಟ್ಟಿದಾಗ ಹಿತವೆನಿಸುತ್ತದೆಂದು ತಾಯಂದಿರು ಹೇಳುವುದು ಸುಳ್ಳಲ್ಲ. ಆದರೆ ಶ್ರೋಣಿಯ ನೋವಿಗೆ ಕಟ್ಟಬೇಕಾದುದು ಹೊಟ್ಟೆಗಲ್ಲ, ಅದಕ್ಕಿಂತ ಕೆಳಗೆ. ಸೊಂಟದ ಎಲುಬಿನ ಮುಂದಣ ಮೊನೆಗಳ ತುಸು ಕೆಳಗಿನಿಂದ ತೊಡೆಯ ಮೇಲ್ಭಾಗದ ಉಬ್ಬೆಲುಬಿನವರೆಗಿನ ಪ್ರದೇಶದಲ್ಲಿ, ಎಲುಬಿನ ಬಳೆಯನ್ನೇ ಸುತ್ತುವಂತೆ ಅಗಲ ಕಿರಿದಾದ ಪಟ್ಟಿ ಕಟ್ಟಬೇಕು. ಬಲವಾದ ಬಿಗಿ ಬೇಕಿಲ್ಲ, ಹದವಾದ ಒತ್ತಡ ಸಾಕು. ಹೊಟ್ಟೆಯ ನಡುವೆ ಉಸಿರು ಕಟ್ಟುವಂತೆ ಬಿಗಿದರೆ ಒತ್ತಡವು ಕೆಳಗಿಳಿದು ತಳದ ಸ್ನಾಯುಗಳಿಗೇ ಭಾರವಾದೀತು. ಪಟ್ಟಿಯು ನಡೆದಾಡುವಾಗ ತಾತ್ಕಾಲಿಕ ಆಸರೆ ಮಾತ್ರ. ಹಗಲಿರುಳು ತಿಂಗಳುಗಟ್ಟಲೆ ಅದನ್ನೇ ನೆಚ್ಚಬಾರದು. ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದರಿಂದ ಬಿಗಿದ ಸ್ನಾಯುಗಳಿಗೆ ಹಾಯೆನಿಸುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ತಪ್ಪಿದ ತಾಳವನ್ನು ಕಲಿಸುವುದು ವ್ಯಾಯಾಮವೇ.

ವ್ಯಾಯಾಮದ ವಿವೇಕ

ನಾರ್ವೆಯ ಬ್ರಿಟ್ ಸ್ಟುಗೆ ಮತ್ತು ಸಂಗಡಿಗರು ಹೆರಿಗೆಯ ನಂತರ ಈ ನೋವಿನಿಂದ ಬಳಲುತ್ತಿದ್ದ ೮೧ ಮಹಿಳೆಯರನ್ನು ಎರಡು ಗುಂಪು ಮಾಡಿ ೨೦ ವಾರ ಚಿಕಿತ್ಸೆ ನೀಡಿದರು. ಒಂದು ಗುಂಪಿಗೆ ಸಾಮಾನ್ಯ ಭೌತಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರೊಂದಿಗೆ ಮೊದಲು ಒಳಪದರದ ಸ್ನಾಯುಗಳು, ಅನಂತರ ನಿತಂಬ, ಬೆನ್ನು, ತೊಡೆಗಳ ದೊಡ್ಡ ಸ್ನಾಯುಗಳು ಎಂಬ ಕ್ರಮದಲ್ಲಿ, ಒಬ್ಬೊಬ್ಬರಿಗೂ ತಕ್ಕಂತೆ ರೂಪಿಸಿದ ವ್ಯಾಯಾಮ. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನೆಯ ಗುಂಪಿನವರ ನೋವೂ ಅಶಕ್ತತೆಯೂ ಗಮನಾರ್ಹವಾಗಿ ಇಳಿದಿದ್ದವು. ಎರಡು ವರ್ಷಗಳ ಮೇಲೆ ನೋಡಿದಾಗಲೂ ಆ ಲಾಭ ಉಳಿದಿತ್ತು.

ಆದರೆ ಎಲ್ಲ ವ್ಯಾಯಾಮವೂ ಔಷಧವಲ್ಲ. ಮೆನ್ಸ್ ಮತ್ತು ಸಂಗಡಿಗರು ೨೦೦೦ದಲ್ಲಿ ವಿಡಿಯೋ ನೋಡಿಕೊಂಡು ಮುಂಡದ ಓರೆ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಿಸಿದಾಗ ವಿಶೇಷ ಲಾಭ ಕಾಣಲಿಲ್ಲ. ಸ್ವೀಡನ್ನಿನಲ್ಲಿ ಮನೆಯಲ್ಲಿಯೇ ಮಾಡಲು ಕೊಟ್ಟ ವ್ಯಾಯಾಮದಿಂದಲೂ ೨೦೧೦ರಲ್ಲಿ ಸ್ಪಷ್ಟ ವ್ಯತ್ಯಾಸ ಕಂಡುಬರಲಿಲ್ಲ. ದುರ್ಬಲವಾದ ಸ್ನಾಯುವಿಗೆ ಬಲ ಬೇಕು, ಅತಿಯಾಗಿ ಬಿಗಿದ ಸ್ನಾಯುವಿಗೆ ಸಡಿಲವಾಗುವ ಕಲೆ ಬೇಕು. ಯಾರಿಗೆ ಯಾವುದೆಂಬುದನ್ನು ಭೌತಚಿಕಿತ್ಸಕರು ಕೈಯಿಟ್ಟು ನೋಡಿ ತೀರ್ಮಾನಿಸಬೇಕು. ನೆರೆಮನೆಯವಳಿಗೆ ಫಲಕೊಟ್ಟದ್ದು ನಿಮ್ಮ ಮಗಳಿಗೂ ಫಲಕೊಡುವುದೆಂಬ ಭರವಸೆಯಿಲ್ಲ. ಹೊಟ್ಟೆ ಕರಗಿಸಲೆಂದು ನೋವಿನಲ್ಲಿಯೇ ಮಲಗಿ ಏಳುವ ಕಸರತ್ತು ಮಾಡುವುದಂತೂ ಬೇಡ.

ಮನೆಯಲ್ಲಿ ಮಾಡಬಹುದಾದುದು

ದಿನವಿಡೀ ಮಲಗಿರುವುದು ಸ್ನಾಯುಗಳನ್ನು ಇನ್ನಷ್ಟು ಸೊರಗಿಸುತ್ತದೆ. ನೋವು ಏರುವ ಮೊದಲೇ ನಿಲ್ಲುವಂತೆ ಚಿಕ್ಕ ಚಿಕ್ಕ ನಡಿಗೆಗಳನ್ನು ದಿನದಲ್ಲಿ ಹಲವು ಸಲ ಮಾಡಿ, ವಾರದಿಂದ ವಾರಕ್ಕೆ ಮೆಲ್ಲನೆ ಹೆಚ್ಚಿಸಬೇಕು. ಹೆಜ್ಜೆ ಚಿಕ್ಕದಿರಲಿ, ಕೈಗಳು ಸಹಜವಾಗಿ ಬೀಸಲಿ. ಒಂದೇ ಕಾಲಿನ ಮೇಲೆ ಭಾರ ಬೀಳುವ ಕೆಲಸಗಳನ್ನು ಕೆಲಕಾಲ ತಪ್ಪಿಸಬೇಕು. ಕುಳಿತು ಉಡುಪು ತೊಡುವುದು, ಮೆಟ್ಟಿಲನ್ನು ಒಂದೊಂದಾಗಿ ಎರಡೂ ಕಾಲು ಕೂಡಿಸಿ ಹತ್ತುವುದು, ಮಗ್ಗುಲು ಹೊರಳುವಾಗ ಮಂಡಿಗಳನ್ನು ಜೋಡಿಸಿಕೊಂಡು ಇಡೀ ಮೈಯನ್ನು ಒಟ್ಟಿಗೆ ತಿರುಗಿಸುವುದು ಇವೆಲ್ಲ ಹಿತಕರ.

ನಮ್ಮ ಹೆಣ್ಣುಮಕ್ಕಳು ಕೂಸನ್ನು ಒಂದೇ ಬದಿಯ ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಿಂದ ಕೆಲಸ ಮಾಡುತ್ತಾರೆ. ನೋವಿರುವವರೆಗೆ ಕೂಸನ್ನು ಎದೆಯ ನಡುವೆ ಹಿಡಿಯುವುದು ಒಳ್ಳೆಯದು. ಬಗಲಲ್ಲಿ ತುಂಬಿದ ಕೊಡ ಹೊರುವುದು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ಬಟ್ಟೆ ಒಗೆಯುವುದು, ಸ್ಕೂಟರಿನ ಹಿಂದೆ ಒಂದೇ ಮಗ್ಗುಲಿಗೆ ಕಾಲು ಹಾಕಿ ದೂರ ಸಾಗುವುದು ಇವನ್ನೂ ಕೆಲಕಾಲ ಬಿಡಬೇಕು. ಈ ಕೆಲಸಗಳಿಗೆ ಮನೆಯ ಗಂಡಸರು ಕೈಗೂಡಿಸಿದರೆ ಅದೇ ಅರ್ಧ ಚಿಕಿತ್ಸೆ. ಕಾಯಕಕ್ಕೆ ಮೇಲು ಕೀಳೆಂಬ ಭೇದವಿಲ್ಲವೆಂದು ನಂಬಿದ ಮನೆಗಳಲ್ಲಿ ನೀರು ತರುವ, ಬಟ್ಟೆ ಒಗೆಯುವ ಕೆಲಸಕ್ಕೆ ಗಂಡುಹೆಣ್ಣೆಂಬ ಭೇದ ಏತಕ್ಕೆ?

ಸಿಜೇರಿಯನ್ ಶಸ್ತ್ರಕ್ರಿಯೆಯಲ್ಲಿ ಬೆನ್ನಿಗೆ ಚುಚ್ಚಿದ ಸೂಜಿಯೇ ವರ್ಷಾನುಗಟ್ಟಲೆ ನೋವಿಗೆ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. ಸೂಜಿ ಚುಚ್ಚಿದ ಕಡೆ ಕೆಲವು ದಿನ ನೋಯಬಹುದು, ಆದರೆ ದೀರ್ಘಕಾಲದ ನೋವಿಗೆ ಅದೇ ಕಾರಣವೆಂದು ಅಧ್ಯಯನಗಳು ತೋರಿಸಿಲ್ಲ. ಆ ನಂಬಿಕೆಯಿಂದ ನಿಜವಾದ ಕಾರಣ ಮುಚ್ಚಿಹೋಗುತ್ತದೆ.

ತಡಮಾಡಬಾರದ ಲಕ್ಷಣಗಳು

ಬಾಣಂತಿಯ ಎಲ್ಲ ಸೊಂಟನೋವೂ ಇದೇ ಎಂದು ತಿಳಿಯುವುದೂ ಅಪಾಯ. ಜ್ವರ, ದುರ್ವಾಸನೆಯ ಸ್ರಾವ, ಒಂದೇ ಮೀನಖಂಡದಲ್ಲಿ ಊತ ಹಾಗೂ ನೋವು, ಕಾಲಿನ ಬಲ ಕುಂದುವುದು, ಗುಹ್ಯಭಾಗದ ಸುತ್ತ ಜೋಮು, ಮಲಮೂತ್ರಗಳ ಹತೋಟಿ ತಪ್ಪುವುದು, ಇದ್ದಕ್ಕಿದ್ದಂತೆ ಕಾಲೂರಲಾಗದಿರುವುದು ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ವೈದ್ಯರ ಬಳಿಗೆ ಹೋಗಬೇಕು. ವಿಶ್ರಾಂತಿಯಲ್ಲಿಯೂ ತಗ್ಗದ ರಾತ್ರಿಯ ನೋವು, ತೂಕ ಇಳಿಯುವುದು ಇದ್ದರೆ ಸಂದಿನ ಕ್ಷಯದಂಥ ರೋಗಗಳನ್ನೂ ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ವಿಟಮಿನ್ ಡಿ ತೀರ ಕಡಿಮೆಯಾಗಿ ಎಲುಬು ಮೆತ್ತಗಾದಾಗಲೂ ಶ್ರೋಣಿಯ ನೋವು, ಬಾತುಕೋಳಿಯಂತೆ ತೂಗುವ ನಡಿಗೆ ಕಾಣುತ್ತವೆ. ತಿಂಗಳುಗಟ್ಟಲೆ ಬೆಳಕಿಲ್ಲದ ಕೋಣೆಯಲ್ಲಿ ಬಾಣಂತಿಯನ್ನು ಇರಿಸುವ ಮನೆಗಳು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು.

ಹೆರಿಗೆಯಾಗಿ ಮೂರು ತಿಂಗಳಾದರೂ ನಡಿಗೆ ಸರಿಹೋಗದಿದ್ದರೆ ಮೊದಲು ಹೆರಿಗೆಯ ವೈದ್ಯರನ್ನು ಕಾಣಿರಿ, ಅವರ ಸಲಹೆಯ ಮೇರೆಗೆ ಭೌತಚಿಕಿತ್ಸಕರನ್ನು ಕಾಣಿರಿ. ನೋವು ತೀವ್ರವಾಗಿದ್ದರೆ ಅಷ್ಟು ದಿನ ಕಾಯಲೂ ಬೇಕಿಲ್ಲ. ಹೋಗುವಾಗ ಅತ್ತೆಯೋ ಗಂಡನೋ ಜೊತೆಗಿದ್ದು ವೈದ್ಯರ ಮಾತನ್ನು ತಾವೂ ಕೇಳಿಸಿಕೊಂಡರೆ ಮನೆಯಲ್ಲಿ ಎಷ್ಟೋ ಮುನಿಸುಗಳು ತಾವಾಗಿಯೇ ಕರಗುತ್ತವೆ.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಅದು ಗೋಡೆ ಹಿಡಿದು ಮೊದಲ ಹೆಜ್ಜೆಯಿಡುತ್ತದೆ. ಬಿದ್ದರೆ ಗದರದೆ, ಎದ್ದರೆ ಚಪ್ಪಾಳೆ ತಟ್ಟಿ ಮನೆಮಂದಿಯೆಲ್ಲ ನಲಿಯುತ್ತಾರೆ. ಅದೇ ಗೋಡೆಯನ್ನು ಹಿಡಿದು ನಡೆಯುತ್ತಿರುವ ಅದರ ತಾಯಿಯ ವಿಷಯದಲ್ಲಿಯೂ ನಾವು ಅಷ್ಟೇ ತಾಳ್ಮೆ ತೋರಿದರೆ, ಆಕೆ ಬಹುಬೇಗ ಗೋಡೆ ಬಿಟ್ಟು ನಡೆದಾಳು.